ಚೌಳು ಮಣ್ಣೂ ಅಯಾನಿನ ಪಾಠವೂ

ನಮ್ಮ ಶಾಲೆಯಲ್ಲಿ ಕಲಿತ ರಸಾಯನಶಾಸ್ತ್ರದಲ್ಲಿ ನಮ್ಮ ಹೊಲಗಳಿಗೆ ತೀರ ಹತ್ತಿರವಾದದ್ದು ಅಯಾನಿಕ ಬಂಧದ ಪಾಠ. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಾನು, ಊರಿಗೆ ಬಂದಾಗಲೆಲ್ಲ ತಗ್ಗಿನ ಗದ್ದೆಗಳಲ್ಲಿ ಬಿಳಿ ಪೊರೆ ಕಂಡು ಆ ಪಾಠವನ್ನು ನೆನೆಯುತ್ತೇನೆ.

ಈ ಚೌಳು ನಮ್ಮ ಸೀಮೆಗೆ ಹೊಸದಲ್ಲ. ಅಗಸರು ಚೌಳು ಮಣ್ಣಿನಲ್ಲಿ ಬಟ್ಟೆ ಒಗೆಯುತ್ತಿದ್ದರು. ಉಪ್ಪಾರರು ಉಪ್ಪುಮಣ್ಣನ್ನು ಕೆರೆದು, ನೀರು ಹಾಯಿಸಿ ಸೋಸಿ, ಆ ನೀರನ್ನು ಇಂಗಿಸಿ ಉಪ್ಪು ತೆಗೆಯುತ್ತಿದ್ದರು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಣ್ಣಿನಿಂದ ಉಪ್ಪು ತೆಗೆಯುವ ಕಸುಬನ್ನು ಬರೆದಿಟ್ಟಿದ್ದಾನೆ.

ಉಪ್ಪಿನೊಳಗಿನ ಗುಟ್ಟು ತಿಳಿದದ್ದು ಆಮೇಲೆ. 1834ರಲ್ಲಿ ಮೈಕೆಲ್ ಫ್ಯಾರಡೆ ‘ಅಯಾನು’ ಎಂಬ ಪದವನ್ನು ಬಳಕೆಗೆ ತಂದನು. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದನು. 1916ರಲ್ಲಿ ಕೊಸೆಲ್ ಮತ್ತು ಲೂಯಿಸ್ ಬಂಧಕ್ಕೆ ಎಲೆಕ್ಟ್ರಾನುಗಳೇ ಕಾರಣವೆಂದು ವಿವರಿಸಿದರು. ಸೋಡಿಯಂ ಪರಮಾಣುವಿನ ಹೊರಕವಚದಲ್ಲಿ 1 ಎಲೆಕ್ಟ್ರಾನ್, ಕ್ಲೋರಿನ್‌ನಲ್ಲಿ 7. ಸೋಡಿಯಂ ತನ್ನ ಒಂದನ್ನು ಕೊಟ್ಟು ಧನ ಅಯಾನು ಆಗುತ್ತದೆ. ಅದನ್ನು ಪಡೆದ ಕ್ಲೋರಿನ್ ಋಣ ಅಯಾನು ಆಗುತ್ತದೆ. ಎರಡರ ಸೆಳೆತವೇ ಬಂಧ. ನೀರು ತಾಕಿದರೆ ಉರಿಯುವ ಲೋಹವೊಂದು, ನಂಜಿನ ಅನಿಲವೊಂದು. ಕೂಡಿದರೆ ಅಡುಗೆಯ ಉಪ್ಪು!

1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು, ನಾಲೆಗಳು ನಂಜನಗೂಡು, ತಿ.ನರಸೀಪುರದ ಕಡೆಗೆ ಹರಿದವು. ಬತ್ತ ಬಂತು, ಬದುಕು ಹಸನಾಯಿತು. ಆದರೆ ನೀರು ಬಸಿದುಹೋಗದ ತಗ್ಗಿನಲ್ಲಿ ಅಂತರ್ಜಲ ಮೇಲೇರುತ್ತದೆ. ಬಿಸಿಲಿಗೆ ನೀರು ಆರಿ, ಅದರಲ್ಲಿ ಕರಗಿದ್ದ ಲವಣ ನೆಲದ ಮೇಲೆ ಉಳಿಯುತ್ತದೆ. ಜೇಡಿಯ ಕಣಗಳಿಗೆ ಋಣ ವಿದ್ಯುದಂಶವಿರುವುದರಿಂದ ಸೋಡಿಯಂ ಅಯಾನುಗಳು ಅವಕ್ಕೆ ಅಂಟಿಕೊಳ್ಳುತ್ತವೆ. ಸೋಡಿಯಂ ಹೆಚ್ಚಾದರೆ ಕಣಗಳು ಚದುರಿ, ಮಣ್ಣಿನ ರಂಧ್ರಗಳು ಮುಚ್ಚುತ್ತವೆ. ನೀರು ಇಂಗುವುದಿಲ್ಲ, ಬೇರು ಇಳಿಯುವುದಿಲ್ಲ.

ಇದಕ್ಕೆ ಮದ್ದೂ ಅದೇ ಪಾಠದಲ್ಲಿದೆ. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ 2 ಎಲೆಕ್ಟ್ರಾನು ಕಳೆದುಕೊಂಡ ಅಯಾನು. ಅದರ ಒಂದು ಅಯಾನು 2 ಸೋಡಿಯಂ ಅಯಾನುಗಳನ್ನು ಹೊರಗೆ ತಳ್ಳಿ ಅವುಗಳ ಜಾಗದಲ್ಲಿ ಕೂರುತ್ತದೆ. ಬಿಡುಗಡೆಯಾದ ಸೋಡಿಯಂ ಒಳ್ಳೆಯ ನೀರಿನೊಂದಿಗೆ ಬಸಿಗಾಲುವೆ ಸೇರಬೇಕು. ಬಸಿಗಾಲುವೆ ಮುಚ್ಚಿ ಉತ್ತರೆ ಎಷ್ಟು ಜಿಪ್ಸಂ ಸುರಿದರೂ ಸೋಡಿಯಂ ಅಲ್ಲೇ ಉಳಿಯುತ್ತದೆ.

ಗುರುಗಳಲ್ಲಿ ನನ್ನದೊಂದು ಕೋರಿಕೆ: ಅಯಾನಿನ ಪಾಠದ ದಿನ ಮಕ್ಕಳು ತಮ್ಮ ಹೊಲದಿಂದ ಒಂದು ಹಿಡಿ ಮಣ್ಣು ತರಲಿ. ರೈತ ಬಂಧುಗಳೇ, ಮಣ್ಣು ಪರೀಕ್ಷೆ ಮಾಡಿಸಿ, ಬಸಿಗಾಲುವೆ ಉಳಿಸಿಕೊಳ್ಳಿ. ಮುಂದಿನ ಐವತ್ತು ವರ್ಷ ನಮ್ಮ ಶಾಲೆಗೆ ಮಕ್ಕಳು ಬರಬೇಕಾದರೆ ಊರಿನ ಹೊಲಗಳು ಬೆಳೆಯುತ್ತಿರಬೇಕು.