ಬೇಲಿಯೇ ಹೊಲವನ್ನು ಮೇಯ್ದಾಗ

ವ್ಯಾಪಾರ ಸಂಸ್ಥೆಯೊಂದರ ಏಳುಬೀಳುಗಳಿಗೆ ಕಾರಣವನ್ನು ನಾವು ಅದರ ಬಂಡವಾಳದಲ್ಲಿ, ಸನ್ನದುಗಳಲ್ಲಿ, ಸೈನ್ಯಬಲದಲ್ಲಿ ಹುಡುಕುವುದು ವಾಡಿಕೆ. ಅದರ ಒಳಗಿನ ರೂಢಿ ಎಂಥದು, ಅಲ್ಲಿ ಯಾವುದನ್ನು ಕಂಡೂ ಕಾಣದಂತಿರುತ್ತಿದ್ದರು ಎಂದು ವಿಚಾರಿಸುವವರು ವಿರಳ. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪೆನಿಯ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಬೇಕು.

1600ರಲ್ಲಿ ಸನ್ನದು ಪಡೆದ ಈ ಕಂಪೆನಿ ತನ್ನ ನೌಕರರಿಗೆ ಕೊಡುತ್ತಿದ್ದ ಸಂಬಳ ಅತ್ಯಲ್ಪ; ಹೊಸ ಗುಮಾಸ್ತನಿಗೆ ವರ್ಷಕ್ಕೆ 5 ಪೌಂಡು. ಅದರಿಂದ ಜೀವನ ಸಾಗದೆಂಬುದು ಲಂಡನ್ನಿನ ನಿರ್ದೇಶಕರಿಗೂ ತಿಳಿದಿತ್ತು. ಆದಕಾರಣ ಏಷ್ಯದ ಬಂದರುಗಳ ನಡುವೆ ಸ್ವಂತ ವ್ಯಾಪಾರ ಮಾಡಿಕೊಳ್ಳಲು ಕಾಲಕ್ರಮದಲ್ಲಿ ಅವರಿಗೆ ಅವಕಾಶ ದೊರೆಯಿತು. ಡಚ್ಚರ ಕಂಪೆನಿ ಇದನ್ನು ನಿಷೇಧಿಸಿತ್ತು. ಆದರೆ ಇಂಗ್ಲಿಷರ ಸಡಿಲಿಕೆಯಿಂದ ಮೊದಮೊದಲು ಲಾಭವೇ ಆಯಿತೆನ್ನಬೇಕು. ಸ್ವಂತ ಗಳಿಕೆಗಾಗಿ ಹೊರಟ ನಾವಿಕರು ಹೊಸ ಬಂದರುಗಳನ್ನೂ ಹೊಸ ಸರಕುಗಳನ್ನೂ ಕಂಡುಕೊಂಡರು. ಆ ತಿಳಿವಳಿಕೆ ಕಂಪೆನಿಗೂ ಒದಗಿತು.

1757ರ ಪ್ಲಾಸಿ ಯುದ್ಧದ ಅನಂತರ ಪರಿಸ್ಥಿತಿ ಬೇರೆಯಾಯಿತು. ರೂಢಿ ಹಳೆಯದೇ, ಅಧಿಕಾರ ಮಾತ್ರ ಹೊಸದು. 1717ರಲ್ಲಿ ಬಾದಶಹ ಫರೂಕ್‌ಸಿಯರನು ಕಂಪೆನಿಗೆ ಕೊಟ್ಟಿದ್ದ ಸುಂಕಮಾಫಿಯನ್ನು ನೌಕರರು ತಮ್ಮ ಸ್ವಂತ ಉಪ್ಪು, ಅಡಕೆ, ಹೊಗೆಸೊಪ್ಪುಗಳಿಗೂ ಬಳಸಿಕೊಂಡರು. ಸುಂಕ ತೆರುತ್ತಿದ್ದ ನಾಡ ವರ್ತಕರು ನೆಲಕಚ್ಚಿದರು. 1763ರಲ್ಲಿ ನವಾಬ ಮೀರ್ ಕಾಸಿಮನು ಎಲ್ಲರಿಗೂ ಸುಂಕವನ್ನೇ ತೆಗೆದುಹಾಕಿದಾಗ ಕಂಪೆನಿಯವರು ಕೆರಳಿ ಯುದ್ಧಕ್ಕಿಳಿದರು!

1765ರಲ್ಲಿ ಬಂಗಾಳದ ದಿವಾನಿ ಕೈಗೆ ಬಂದಿತು. ಲಂಡನ್ನಿನಲ್ಲಿ ಷೇರುಗಳ ಬೆಲೆ ಗಗನಕ್ಕೇರಿತು. ಆ ಭ್ರಮೆಗೆ ಮೊದಲ ಪೆಟ್ಟು ಕೊಟ್ಟವನು ನಮ್ಮ ಹೈದರಾಲಿ. 1769ರಲ್ಲಿ ಅವನು ಮದರಾಸಿನ ಬಾಗಿಲಿಗೇ ಬಂದು ಕಂಪೆನಿಯನ್ನು ಸಂಧಿಗೆ ಒಪ್ಪಿಸಿದನು. ಅವನ ದಂಡಯಾತ್ರೆಯ ಸುದ್ದಿ ಮುಟ್ಟಿದೊಡನೆ ಲಂಡನ್ನಿನಲ್ಲಿ ಷೇರುಗಳು ಕುಸಿದವು. ಮರುವರ್ಷ ಬಂಗಾಳದಲ್ಲಿ ಘೋರ ಕ್ಷಾಮ ತಲೆದೋರಿ ಲಕ್ಷಾಂತರ ಜನ ಸತ್ತರು. ಆಗಲೂ ಕಂದಾಯದ ವಸೂಲಿಯಲ್ಲಿ ಬಿಗಿ ಸಡಿಲಲಿಲ್ಲ. ಇಷ್ಟಾದರೂ 1772ರಲ್ಲಿ ಕಂಪೆನಿಯ ಬೊಕ್ಕಸ ಬರಿದಾಗಿತ್ತು. ಮರುವರ್ಷ ಅದು ತನ್ನ ಸರ್ಕಾರದಿಂದ 14 ಲಕ್ಷ ಪೌಂಡು ಸಾಲ ಪಡೆಯಬೇಕಾಯಿತು. ಸಂಸ್ಥೆ ಸಾಲಗಾರ, ಅದರ ನೌಕರರೋ ಸ್ವದೇಶಕ್ಕೆ ಮರಳಿ ಜಮೀನುಗಳನ್ನೂ ಪಾರ್ಲಿಮೆಂಟಿನ ಸ್ಥಾನಗಳನ್ನೂ ಕೊಳ್ಳುತ್ತಿದ್ದ 'ನಬಾಬರು'!

ಮುಂದೆ 1786ರಲ್ಲಿ ಬಂದ ಕಾರ್ನ್‌ವಾಲಿಸನು ಕಲೆಕ್ಟರರಿಗೆ ತಿಂಗಳಿಗೆ 1500 ರೂಪಾಯಿ ಸಂಬಳ ಗೊತ್ತುಮಾಡಿ, ಅವರ ಸ್ವಂತ ವ್ಯಾಪಾರವನ್ನು ತಡೆದನು. ರೋಗದ ಮೂಲವನ್ನು ಅವನು ಸರಿಯಾಗಿಯೇ ಗುರುತಿಸಿದ್ದನು. ಆದರೆ ಅದೇ ಕೈಯಿಂದ ಭಾರತೀಯರಿಗೆ ಉನ್ನತ ಹುದ್ದೆಗಳ ಬಾಗಿಲನ್ನೂ ಮುಚ್ಚಿದನು. ಮೇಯ್ದದ್ದು ಬೇಲಿ, ದಂಡ ತೆತ್ತದ್ದು ಹೊಲ.

ಸಂಸ್ಥೆಯ ನಿಜವಾದ ಕಾನೂನು ಅದರ ಸನ್ನದಿನಲ್ಲಿರುವುದಿಲ್ಲ. ಅದು ಕಣ್ಣುಮುಚ್ಚಿ ಒಪ್ಪಿಕೊಂಡ ರೂಢಿಯಲ್ಲಿರುತ್ತದೆ. ಆ ರೂಢಿ ತಕ್ಕಡಿಯನ್ನು ಮಾತ್ರ ಹಿಡಿದಿರುವವರೆಗೆ ಲಾಭವನ್ನೂ ತಂದೀತು. ಅದರ ಕೈಗೆ ಕತ್ತಿಯೂ ಸಿಕ್ಕಿದರೆ, ನಷ್ಟದ ಲೆಕ್ಕ ಷೇರುದಾರರ ಪುಸ್ತಕದಲ್ಲಿ ಮುಗಿಯದೆ ಬಡರೈತನ ಒಲೆಯವರೆಗೂ ಮುಟ್ಟುತ್ತದೆ.