ಕೆರೆಗೆ ತೂಬು, ಕಾರಿಗೆ ರೆಗ್ಯುಲೇಟರ್



ತಾಳವಾಡಿ ಕಡೆಯ ಹಿರಿಯರಿಗೆ ಈ ದೃಶ್ಯ ನೆನಪಿರಬಹುದು. ಬೇಸಿಗೆಯ ಮಟಮಟ ಮಧ್ಯಾಹ್ನ. ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತುತ್ತಿದ್ದ ಹಳೆಯ ಪೆಟ್ರೋಲ್ ಜೀಪು ನಡುದಾರಿಯಲ್ಲಿ ಮುಗ್ಗರಿಸಿ ನಿಂತುಬಿಡುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಇಂಜಿನ್ನಿಗೆ ಮಾತ್ರ ಬರುತ್ತಿಲ್ಲ. ಡ್ರೈವರು ಬಾನೆಟ್ ಎತ್ತಿ, ಫ್ಯೂಯಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಮರದ ನೆರಳಿಗೆ ಹೋಗಿ ಕೂರುತ್ತಾನೆ. ಅರ್ಧ ಗಂಟೆಯ ಮೇಲೆ ಜೀಪು ಮತ್ತೆ ಹೊರಡುತ್ತದೆ.

ಆ ಪಂಪು, ಮತ್ತು ಅದರ ಜೊತೆಗಾರನಾದ ಪ್ರೆಷರ್ ರೆಗ್ಯುಲೇಟರ್, ಇವತ್ತಿನ ನಮ್ಮ ವಿಷಯ. ಹಳೆಯ ಗಾಡಿಗೆ ಬೇರೆ ಇಂಜಿನ್ ಕೂರಿಸುವ ಆಸೆ ನಿಮ್ಮಲ್ಲಿ ಕೆಲವರಿಗೆ ಇದ್ದೇ ಇರುತ್ತದೆ. ಅಂಥವರು ಈ ಚರಿತ್ರೆಯನ್ನು ತಿಳಿದಿರುವುದು ಒಳ್ಳೆಯದು. ಇದರಲ್ಲಿ ತಪ್ಪಿದರೆ ಇಂಜಿನ್ ಹೋಗುತ್ತದೆ, ಕೆಲವೊಮ್ಮೆ ಗಾಡಿಗೆ ಬೆಂಕಿಯೇ ಹತ್ತುತ್ತದೆ.

ಮೊದಲಿಗೆ ಪಂಪು ಇರಲೇ ಇಲ್ಲ. 1908ರಲ್ಲಿ ಅಮೆರಿಕದಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಟ್ಯಾಂಕು ಮುಂದಿನ ಸೀಟಿನ ಕೆಳಗಿತ್ತು. ಪೆಟ್ರೋಲು ತನ್ನ ಭಾರಕ್ಕೆ ತಾನೇ ಕಾರ್ಬುರೇಟರಿಗೆ ಇಳಿಯುತ್ತಿತ್ತು. ಟ್ಯಾಂಕಿನಲ್ಲಿ ಪೆಟ್ರೋಲು ಕಡಿಮೆಯಿದ್ದಾಗ ಕಡಿದಾದ ಏರು ಬಂದರೆ ಕಾರ್ಬುರೇಟರೇ ಟ್ಯಾಂಕಿಗಿಂತ ಮೇಲಾಗುತ್ತಿತ್ತು. ಆಗ ಜನ ಕಾರನ್ನು ತಿರುಗಿಸಿ, ರಿವರ್ಸ್ ಗೇರಿನಲ್ಲಿ ಹಿಮ್ಮುಖವಾಗಿ ಗುಡ್ಡ ಹತ್ತುತ್ತಿದ್ದರು! ಇದು ಕಟ್ಟುಕಥೆಯಲ್ಲ.

ಮುಂದೆ ಟ್ಯಾಂಕು ಕಾರಿನ ಹಿಂಭಾಗಕ್ಕೆ ಹೋಯಿತು. ಇಂಜಿನ್ ಗಾಳಿ ಎಳೆಯುವ ಬಲದಿಂದಲೇ ಪೆಟ್ರೋಲನ್ನೂ ಮೇಲಕ್ಕೆ ಹೀರುವ ವ್ಯಾಕ್ಯೂಮ್ ಟ್ಯಾಂಕು ಬಂತು. ಅದಕ್ಕೂ ಒಂದು ಕೊರತೆ ಇತ್ತು. ಉದ್ದನೆಯ ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಆ ಹೀರುವ ಬಲ ಕುಗ್ಗುತ್ತಿತ್ತು. ಪೆಟ್ರೋಲು ಹೆಚ್ಚು ಬೇಕಾದ ಹೊತ್ತಿಗೇ ಸಿಗುತ್ತಿರಲಿಲ್ಲ. 1920ರ ದಶಕದ ಕೊನೆಯಲ್ಲಿ ಡಯಾಫ್ರಾಮ್ ಇರುವ ಮೆಕ್ಯಾನಿಕಲ್ ಪಂಪು ಬಂತು. ಇಂಜಿನ್ನೇ ಅದನ್ನು ನಡೆಸುತ್ತದೆ. ದಿಂಬಂ ಘಾಟಿಯಲ್ಲಿ ಒದ್ದೆ ಬಟ್ಟೆ ಹೊದೆದು ಕುಳಿತದ್ದು ಇದೇ ಜಾತಿಯ ಪಂಪು. ಬಿಸಿ ಇಂಜಿನ್ನಿನ ಮೈಗೆ ಅಂಟಿಕೊಂಡಿರುವುದರಿಂದ ಪೆಟ್ರೋಲು ಒಳಗೇ ಆವಿಯಾಗುತ್ತದೆ. ಪಂಪು ಆವಿಯನ್ನು ತಳ್ಳಲಾರದು. ಮೆಕ್ಯಾನಿಕರು ಇದನ್ನೇ ವೇಪರ್ ಲಾಕ್ ಎನ್ನುತ್ತಾರೆ.

ಈಗ ಕೈಯಾರೆ ಕಟ್ಟಿದ ಕಾರುಗಳ ಕಥೆಗೆ ಬರೋಣ. 1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯ ಜನರ ಕೈಗೆಟುಕುವ ಬೆಲೆಯಲ್ಲಿ ಎಂಟು ಸಿಲಿಂಡರಿನ ವಿ-8 ಕಾರು ತಂದಿತು. ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡುಗಳನ್ನು ಅಗ್ಗಕ್ಕೆ ಕೊಂಡು, ಅನಾವಶ್ಯಕ ಭಾರವೆಲ್ಲ ಕಿತ್ತುಹಾಕಿ, ಎರಡು ಮೂರು ಕಾರ್ಬುರೇಟರ್ ಜೋಡಿಸಿ, ಮುರಾಕ್ ಎಂಬ ಒಣಗಿದ ಕೆರೆಯಂಗಳದಲ್ಲಿ ಓಡಿಸುತ್ತಿದ್ದರು. ಇವೇ ಹಾಟ್ ರಾಡ್ ಕಾರುಗಳು.

ಆ ಹುಡುಗರಿಗೆ ಪ್ರಿಯವಾದ ಸ್ಟ್ರಾಂಬರ್ಗ್ 97 ಕಾರ್ಬುರೇಟರ್ ಬಹಳ ನಾಜೂಕು. ಪಂಕ್ಚರ್ ಅಂಗಡಿಯವರು ಟೈರಿಗೆ ಮೂವತ್ತು ಪೌಂಡ್ ಗಾಳಿ ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ಇದಕ್ಕೆ ಎರಡೂವರೆ, ಮೂರು ಪೌಂಡಿಗಿಂತ ಹೆಚ್ಚು ಒತ್ತಡ ತಡೆಯದು. ಕಾರ್ಬುರೇಟರಿನ ಬಟ್ಟಲು ತುಂಬಿದಾಗ ಫ್ಲೋಟ್ ಮೇಲೇರಿ ನೀಡಲ್ ಬಾಯಿ ಮುಚ್ಚಬೇಕು. ಪಂಪಿನ ಒತ್ತಡ ಜಾಸ್ತಿಯಾದರೆ ನೀಡಲ್ ಸೋಲುತ್ತದೆ, ಪೆಟ್ರೋಲು ಉಕ್ಕಿ ಬಿಸಿ ಇಂಜಿನ್ನಿನ ಮೇಲೆ ಸುರಿಯುತ್ತದೆ. ದೊಡ್ಡ ಪಂಪು ಹಾಕಿದರೆ ದೊಡ್ಡ ಶಕ್ತಿ ಬರುತ್ತದೆ ಎಂದು ನಂಬಿದವರಿಗೆ ಸಿಗುತ್ತಿದ್ದ ಫಲ ಇದು.

1967ರಲ್ಲಿ ಇನ್ನೊಂದು ತಿರುವು. ಜರ್ಮನಿಯ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಇಂಜೆಕ್ಷನ್ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಂತು. ಪೆಟ್ರೋಲನ್ನು ನಳಿಕೆಯಿಂದ ಚಿಮ್ಮಿಸಬೇಕಾದ್ದರಿಂದ ಅದಕ್ಕೆ ಸುಮಾರು 30 ಪೌಂಡ್ ಒತ್ತಡ ಬೇಕಾಯಿತು. ಮುಂದೆ ಬಂದ ಅನೇಕ ಕಾರುಗಳಲ್ಲಿ ಅದು 43 ಪೌಂಡಿಗೆ ಏರಿತು. ಹಳೆಯ ಡಯಾಫ್ರಾಮ್ ಪಂಪಿಗೆ ಇದು ಸಾಧ್ಯವಿಲ್ಲದ ಮಾತು. ಹಾಗಾಗಿ ಕರೆಂಟಿನ ಪಂಪು ಬಂತು, ಕೊನೆಗೆ ಟ್ಯಾಂಕಿನ ಒಳಗೇ ಪೆಟ್ರೋಲಿನಲ್ಲಿ ಮುಳುಗಿ ತಂಪಾಗಿ ಕುಳಿತುಕೊಂಡಿತು.

ರೆಗ್ಯುಲೇಟರಿನ ಕೆಲಸ ತಿಳಿಯಬೇಕಾದರೆ ನಿಮ್ಮ ಊರ ಕೆರೆಯನ್ನು ನೆನೆಯಿರಿ. ಕೆರೆಗೆ ತೂಬೂ ಇದೆ, ಕೋಡಿಯೂ ಇದೆ. ಒಂದು ಜಾತಿಯ ರೆಗ್ಯುಲೇಟರ್ ತೂಬಿನಂತೆ, ಬಾಯಿ ಕಿರಿದು ಮಾಡಿ ಒತ್ತಡ ಇಳಿಸುತ್ತದೆ. ಇದು ಕಾರ್ಬುರೇಟರಿಗೆ ಸಾಕು. ಇನ್ನೊಂದು ಕೋಡಿಯಂತೆ, ಹೆಚ್ಚಾದದ್ದನ್ನು ಬೇರೆ ಪೈಪಿನಲ್ಲಿ ಮತ್ತೆ ಟ್ಯಾಂಕಿಗೇ ಕಳುಹಿಸುತ್ತದೆ. ಇಂಜೆಕ್ಷನ್ ಇಂಜಿನ್ನಿಗೆ ಬಹುಮಟ್ಟಿಗೆ ಇದೇ ಸರಿ. ಪೆಟ್ರೋಲು ಸುತ್ತುತ್ತಲೇ ಇರುವುದರಿಂದ ಪೈಪಿನಲ್ಲಿ ಆವಿ ನಿಲ್ಲುವುದಿಲ್ಲ.

ಹಾಗಾದರೆ ಆರಿಸುವುದು ಹೇಗೆ? ಪಂಪನ್ನು ಪ್ರಮಾಣ ನೋಡಿ ಆರಿಸಿ, ರೆಗ್ಯುಲೇಟರನ್ನು ಒತ್ತಡ ನೋಡಿ ಆರಿಸಿ. ಪೂರ್ತಿ ಶಕ್ತಿಯಲ್ಲಿ ಓಡುವಾಗ ಪೆಟ್ರೋಲ್ ಇಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 0.3 ಲೀಟರ್ ಕುಡಿಯುತ್ತದೆ. 300 ಅಶ್ವಶಕ್ತಿಯ ಹಾಟ್ ರಾಡಿಗೆ ಗಂಟೆಗೆ 90 ಲೀಟರ್. ಕಾಲು ಭಾಗ ಸೇರಿಸಿದರೆ 112 ಲೀಟರ್. ನಿಂತಲ್ಲೇ ಓಡುವಾಗ ಅದೇ ಇಂಜಿನ್ನಿಗೆ ಒಂದೆರಡು ಲೀಟರ್ ಸಾಕು, ಮಿಕ್ಕದ್ದು ಕೋಡಿ ಹರಿದು ಟ್ಯಾಂಕಿಗೆ. ಪಂಪಿನ ಡಬ್ಬಿಯ ಮೇಲೆ ಲೀಟರಿನ ಲೆಕ್ಕವಿದ್ದರೆ, ಅದು ಎಷ್ಟು ಒತ್ತಡದಲ್ಲಿ, ಎಷ್ಟು ವೋಲ್ಟಿನಲ್ಲಿ ಎಂದು ಕೇಳಿ. ಒತ್ತಡ ಏರಿದಂತೆ ಲೀಟರ್ ಇಳಿಯುತ್ತದೆ.

ಕಾರ್ಬುರೇಟರಿಗೆ ಇಂಜೆಕ್ಷನ್ ಪಂಪು ನೇರವಾಗಿ ಹಾಕಿದರೆ ಪೆಟ್ರೋಲು ಉಕ್ಕುತ್ತದೆ. ಇಂಜೆಕ್ಷನ್ ಇಂಜಿನ್ನಿಗೆ ಸಣ್ಣ ಪಂಪು ಹಾಕಿದರೆ ಏರಿನಲ್ಲಿ ಪೆಟ್ರೋಲು ಸಾಲದೆ ಪಿಸ್ಟನ್ ಸುಡುತ್ತದೆ. ಕರೆಂಟಿನ ಪಂಪು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸೋಮಾರಿ. ಅದನ್ನು ಟ್ಯಾಂಕಿನ ಹತ್ತಿರ, ತಗ್ಗಿನಲ್ಲಿ, ಸೈಲೆನ್ಸರಿನಿಂದ ದೂರ ಕೂರಿಸಿ. ಇಂಜಿನ್ ನಿಂತರೆ ಪಂಪೂ ನಿಲ್ಲುವಂತೆ ವೈರಿಂಗ್ ಮಾಡಿಸಿ. ಅಪಘಾತದಲ್ಲಿ ಪೈಪು ಹರಿದು, ಪಂಪು ಮಾತ್ರ ಓಡುತ್ತಲೇ ಇದ್ದರೆ ಏನಾದೀತು, ಯೋಚಿಸಿ.

ಇನ್ನೊಂದು ಹೊಸ ಮಾತು. 2025ರಲ್ಲಿ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇಕಡಾ 20ಕ್ಕೆ ಮುಟ್ಟಿತು. ಹಳೆಯ ರಬ್ಬರ್ ಡಯಾಫ್ರಾಮು, ಹಳೆಯ ಹೋಸುಗಳು ಎಥನಾಲಿಗೆ ಉಬ್ಬುತ್ತವೆ, ಬಿರಿಯುತ್ತವೆ. ಎಥನಾಲ್ ತಡೆಯುವ ಸಾಮಾನನ್ನೇ ಕೇಳಿ ಹಾಕಿಸಿ. ಇಂಜಿನ್ ಬದಲಿಸುವ ಮೊದಲು ಆರ್.ಟಿ.ಓ. ಅನುಮತಿ ಬೇಕೆಂಬುದನ್ನೂ ಮರೆಯಬೇಡಿ. ಗಡಿಯ ಈಚೆಗೂ ಆಚೆಗೂ ಕಾನೂನು ಒಂದೇ.

ಹೊಸೂರಿನಲ್ಲೋ ಸೊಲ್ಲಾಪುರದಲ್ಲೋ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗ ನಿಮ್ಮ ಮನೆಯಲ್ಲಿದ್ದರೆ ಈ ಮಾತನ್ನು ಅವನಿಗೆ ಹೇಳಿ. ಎಷ್ಟು ತಳ್ಳಬಲ್ಲೆ ಎಂದು ಪಂಪನ್ನು ಕೇಳುವ ಮೊದಲು, ಎಷ್ಟು ಬೇಕು ಎಂದು ಇಂಜಿನ್ನನ್ನು ಕೇಳಬೇಕು. ಕೆರೆ ಕಟ್ಟಿದ ನಮ್ಮ ಹಿರಿಯರು ಕೋಡಿ ಬಿಡದೆ ಏರಿ ಹಾಕಿದವರಲ್ಲ.