ಆಪಲ್ ಯಂತ್ರದಲ್ಲಿ ಸಿಪಿ/ಎಂ: ೧೯೮೦ರ ಸಾಫ್ಟ್‌ಕಾರ್ಡಿನ ಚಾರಿತ್ರಿಕ ಸ್ಥಾನ

ಗಣಕಯಂತ್ರಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರಗಳ ವಂಶಾವಳಿಯನ್ನೇ ಅನುಸರಿಸುತ್ತಾರೆ. ಅರಸರ ಪಟ್ಟಿಯನ್ನೇ ರಾಜ್ಯದ ಚರಿತ್ರೆಯೆಂದು ಭಾವಿಸುವಂತೆ ಇದೂ ಅಪೂರ್ಣವಾದ ಕ್ರಮ. ತಂತ್ರಾಂಶಕ್ಕೂ ತನ್ನದೇ ಆದ ಚರಿತ್ರೆಯುಂಟು. ಈ ಎರಡು ಚರಿತ್ರೆಗಳೂ ಸಂಧಿಸಿದ ಒಂದು ಸ್ಥಳವನ್ನು, ಎಂದರೆ ಮೈಕ್ರೋಸಾಫ್ಟ್ ಸಂಸ್ಥೆಯು ೧೯೮೦ರಲ್ಲಿ ಹೊರತಂದ ಸಾಫ್ಟ್‌ಕಾರ್ಡನ್ನು, ನಾವಿಲ್ಲಿ ಪರಿಶೀಲಿಸುತ್ತೇವೆ.

ಗ್ಯಾರಿ ಕಿಲ್ಡಾಲರು ೧೯೭೪ರಲ್ಲಿ ರಚಿಸಿದ ಸಿಪಿ/ಎಂ ಎಂಬ ಕಾರ್ಯಾಚರಣ ವ್ಯವಸ್ಥೆಯು ಇಂಟೆಲ್ ೮೦೮೦ ಪ್ರೊಸೆಸರಿಗೆ ಹೊಂದಿಕೊಂಡಿತ್ತು. ೧೯೭೬ರಲ್ಲಿ ಬಂದ ಜೈಲಾಗ್ ಸಂಸ್ಥೆಯ ಜೆಡ್-೮೦ ಸಹ ಅದೇ ಆದೇಶಗಳನ್ನು ನಡೆಸಬಲ್ಲದಾಗಿತ್ತು. ವರ್ಡ್‌ಸ್ಟಾರ್ ಮೊದಲಾದ ಕಚೇರಿಯ ತಂತ್ರಾಂಶಗಳು ಬೆಳೆದುದು ಈ ನೆಲದಲ್ಲಿಯೇ. ೧೯೭೭ರಲ್ಲಿ ಬಂದ ಆಪಲ್ ೨ ಯಂತ್ರದ ಪ್ರೊಸೆಸರಾದರೋ ೬೫೦೨. ಅದಕ್ಕೆ ಈ ಆದೇಶಗಳ ಭಾಷೆಯೇ ತಿಳಿಯದು. ಮೈಕ್ರೋಸಾಫ್ಟಿನ ಭಾಷಾ ತಂತ್ರಾಂಶಗಳಲ್ಲಿ ಹಲವು ೮೦೮೦ಕ್ಕಾಗಿ ಬರೆದವುಗಳು. ಅವನ್ನೆಲ್ಲ ತಿರುಗಿ ಬರೆಯುವುದಕ್ಕಿಂತ ಆಪಲ್ ಯಂತ್ರದೊಳಕ್ಕೆ ಜೆಡ್-೮೦ನ್ನೇ ಸೇರಿಸುವುದು ಲೇಸೆಂಬುದು ಪಾಲ್ ಅಲೆನರ ಯೋಚನೆ. ಟಿಮ್ ಪ್ಯಾಟರ್ಸನ್ ಮೊದಲ ಮಾದರಿಯನ್ನು ಸಿದ್ಧಪಡಿಸಿದರು. ಡಾನ್ ಬರ್ಟಿಸ್ ಅದನ್ನು ಪೂರ್ಣಗೊಳಿಸಿದರು. ಸಿಪಿ/ಎಂ ಮತ್ತು ಬೇಸಿಕ್ ಭಾಷೆಗಳೊಡನೆ ಕಾರ್ಡಿನ ಬೆಲೆ ೩೪೯ ಡಾಲರು.

ಇದರ ರಚನೆಯು ಗಮನಾರ್ಹವಾದುದು. ಯಂತ್ರದ ವಿಸ್ತರಣ ಸ್ಲಾಟಿನಲ್ಲಿ ಕಾರ್ಡನ್ನು ಸೇರಿಸಿದ ಮೇಲೆ ಎರಡು ಪ್ರೊಸೆಸರುಗಳೂ ಒಂದೇ ಸ್ಮೃತಿಯನ್ನು ಸರದಿಯಂತೆ ಬಳಸುತ್ತಿದ್ದುವು. ಸ್ಮೃತಿಯ ಆರಂಭಭಾಗವು ೬೫೦೨ಕ್ಕೂ ಬೇಕು, ಸಿಪಿ/ಎಂಗೂ ಬೇಕು. ಆದುದರಿಂದ ಜೆಡ್-೮೦ ಕೇಳಿದ ವಿಳಾಸವನ್ನು ಕಾರ್ಡು ಬೇರೆಡೆಗೆ ಬದಲಿಸಿ ಈ ಕಲಹವನ್ನು ಪರಿಹರಿಸಿತು. ತಂತ್ರಾಂಶವನ್ನು ನಡೆಸುವುದು ಜೆಡ್-೮೦; ಡಿಸ್ಕಿನಿಂದ ಓದಬೇಕಾದಾಗ ಅಧಿಕಾರವು ೬೫೦೨ಕ್ಕೆ ಮರಳುತ್ತಿತ್ತು. ಹೀಗೆ ಅತಿಥಿಯು ಮನೆಯನ್ನು ಆಳಿದರೂ ಬಾಗಿಲ ಕಾವಲು ಹಳೆಯ ಯಜಮಾನನದೇ ಆಗಿ ಉಳಿಯಿತು.

೧೯೮೦ರಲ್ಲಿ ಐಬಿಎಂ ಸಂಸ್ಥೆಯವರು ತಮ್ಮ ಹೊಸ ಯಂತ್ರಕ್ಕಾಗಿ ಸಿಪಿ/ಎಂ ಬೇಕೆಂದು ಮೈಕ್ರೋಸಾಫ್ಟನ್ನು ಕೇಳಿದರು; ಅದರ ಒಡೆತನ ಕಿಲ್ಡಾಲರ ಡಿಜಿಟಲ್ ರಿಸರ್ಚ್ ಸಂಸ್ಥೆಯದೆಂದು ಅವರಿಗೆ ತಿಳಿಸಲಾಯಿತು. ಈ ಭೇಟಿಗೆ ಸಾಫ್ಟ್‌ಕಾರ್ಡೇ ಕಾರಣವೆಂದು ಹೇಳುವುದುಂಟು. ಈ ಮಾತನ್ನು ಪೂರ್ಣವಾಗಿ ಒಪ್ಪಲು ನಾವು ಸಿದ್ಧರಿಲ್ಲ. ಹಲವು ಯಂತ್ರಗಳಿಗೆ ಬೇಸಿಕ್ ಒದಗಿಸಿದ್ದ ಸಂಸ್ಥೆಯನ್ನು ಐಬಿಎಂ ಅರಸಿ ಬರಲು ಅಷ್ಟೇ ಸಾಕಾಗಿತ್ತು. ಆದರೆ ಒಂದು ಸಂಬಂಧವು ನಿರ್ವಿವಾದ: ಕಾರ್ಡಿನ ಮೊದಲ ಮಾದರಿಯನ್ನು ರಚಿಸಿದ ಪ್ಯಾಟರ್ಸನರೇ ೮೦೮೬ ಪ್ರೊಸೆಸರಿಗಾಗಿ ಬರೆದ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ೧೯೮೧ರಲ್ಲಿ ಕೊಂಡುಕೊಂಡಿತು. ಎಂಎಸ್-ಡಾಸ್ ಹುಟ್ಟಿದುದು ಅದರಿಂದ. ಸಿಪಿ/ಎಂಗೆ ಆಪಲ್ ಯಂತ್ರಗಳಲ್ಲಿ ನೆಲೆಯೊದಗಿಸಿದ ಕೈಯೇ ಅದರ ಪ್ರತಿಸ್ಪರ್ಧಿಯನ್ನೂ ರೂಪಿಸಿತು.

ಈ ಮಾರ್ಗವು ಅಲ್ಲಿಗೇ ನಿಲ್ಲಲಿಲ್ಲ. ೧೯೯೪ರಲ್ಲಿ ಆಪಲ್ ಸಂಸ್ಥೆಯೇ ಇಂಟೆಲ್ ೪೮೬ ಜಾತಿಯ ಪ್ರೊಸೆಸರುಳ್ಳ ಕಾರ್ಡಿನೊಡನೆ ಮ್ಯಾಕಿಂಟಾಷ್ ಯಂತ್ರವೊಂದನ್ನು ಮಾರಿತು. ೨೦೦೬ರಲ್ಲಿ ಮ್ಯಾಕಿಂಟಾಷ್ ತಾನೇ ಇಂಟೆಲ್ ಪ್ರೊಸೆಸರಿಗೆ ತಿರುಗಿದಾಗ ಇಂತಹ ಕಾರ್ಡಿನ ಅಗತ್ಯವು ಅಲ್ಲಿ ಇಲ್ಲವಾಯಿತು.

ಜನರು ಕೊಂಡುದು ಕಾರ್ಡನ್ನಾದರೂ ಬಯಸಿದುದು ತಂತ್ರಾಂಶವನ್ನು. ವಸ್ತುಸಂಗ್ರಹಾಲಯದಲ್ಲಿ ಕಾರ್ಡೊಂದನ್ನೇ ಇರಿಸಿ ಅದರ ಡಿಸ್ಕನ್ನು ಕಳೆದುಕೊಂಡರೆ, ಶಾಸನದ ಕಲ್ಲನ್ನು ಉಳಿಸಿ ಅಕ್ಷರಗಳನ್ನು ಅಳಿಸಿದಂತಾಗುತ್ತದೆ. ಎರಡನ್ನೂ ಜೊತೆಯಲ್ಲಿ ರಕ್ಷಿಸುವುದು ಇತಿಹಾಸಕಾರರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.